ಆಲ್ ವೀಲ್ ಡ್ರೈವ್ ಇದ್ದರೂ ಟೈರ್ ನೋಡಿ ತಗೊಳ್ಳಿ

ನಾನು ಬೆಳೆದಿದ್ದು ಸೋಮವಾರಪೇಟೆ ಹತ್ತಿರ. ಮಳೆಗಾಲದಲ್ಲಿ ತೋಟದ ದಾರಿ ಕೆಸರಾದರೆ ಅಪ್ಪ ಜೀಪಿನ ಚಕ್ರಕ್ಕೆ ಸರಪಳಿ ಕಟ್ಟುತ್ತಿದ್ದರು. ಜೀಪು ಫೋರ್ ವೀಲ್ ಡ್ರೈವೇ. ಮತ್ತೆ ಸರಪಳಿ ಯಾಕೆ ಅಂತ ಆಗ ಕೇಳಲೇ ಇಲ್ಲ. ಉತ್ತರ ಸಿಕ್ಕಿದ್ದು ಎಷ್ಟೋ ವರ್ಷ ಆದಮೇಲೆ, ಅಮೆರಿಕದ ಡೆನ್ವರ್‌ನಲ್ಲಿ, ನಮ್ಮ ಮನೆ ಇಳಿಜಾರಿನ ಕೊನೆಯ ಸ್ಟಾಪ್ ಸೈನ್ ಹತ್ತಿರ.

ಆಗ ನಮ್ಮ ಸುಬಾರು ಔಟ್‌ಬ್ಯಾಕ್ ಬಂದು ಎರಡು ವರ್ಷ ಆಗಿತ್ತು. ಬೆಳಿಗ್ಗೆ ಐದೂವರೆಗೆ ಡ್ಯೂಟಿಗೆ ಹೊರಟಿದ್ದೆ. ರಾತ್ರಿ ನಾಲ್ಕು ಇಂಚು ಸ್ನೋ ಬಿದ್ದಿತ್ತು. ಡ್ರೈವ್‌ವೇಯಿಂದ ಕಾರು ಆರಾಮಾಗಿ ಹೊರಟಿತು, ಪಕ್ಕದ ಮನೆಯವರ ಕಾರು ಅಲ್ಲೇ ಚಕ್ರ ತಿರುಗಿಸುತ್ತಾ ನಿಂತಿತ್ತು. ಒಳಗೊಳಗೇ ಸ್ವಲ್ಪ ಜಂಬ ಬಂತು. ಇಳಿಜಾರಿನ ಕೊನೆಗೆ ಬ್ರೇಕ್ ಒತ್ತಿದೆ. ಪೆಡಲ್ ಕಾಲಡಿ ಗರಗರ ಅಂದಿತು, ಕಾರು ನಿಲ್ಲಲಿಲ್ಲ. ನಿಧಾನವಾಗಿ, ಏನೂ ಆಗಿಲ್ಲವೆಂಬಂತೆ, ಜಂಕ್ಷನ್ ಮಧ್ಯಕ್ಕೆ ಜಾರಿ ನಿಂತಿತು. ಪುಣ್ಯಕ್ಕೆ ಯಾವ ಗಾಡಿಯೂ ಬರಲಿಲ್ಲ.

ವಿಷಯ ಇಷ್ಟೇ. ಆಲ್ ವೀಲ್ ಡ್ರೈವ್ ಇಂಜಿನ್ನಿನ ಶಕ್ತಿಯನ್ನು ನಾಲ್ಕೂ ಚಕ್ರಕ್ಕೆ ಹಂಚುತ್ತದೆ. ಹೊರಡುವುದಕ್ಕೆ, ಏರು ಹತ್ತುವುದಕ್ಕೆ ಅದು ಬೇಕು. ಆದರೆ ಬ್ರೇಕ್ ಯಾವ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ, ಅಲ್ವಾ? ಹಾಗಾಗಿ ನಿಲ್ಲಿಸುವಾಗ ನಮಗೆ ಜಾಸ್ತಿ ಏನೂ ಸಿಗುವುದಿಲ್ಲ. ಅಲ್ಲಿ ಕೆಲಸ ಮಾಡುವುದು ರಬ್ಬರ್ ಮಾತ್ರ. ನಮ್ಮ ಮನೆಯವರ ಹಳೇ ಕೊರೊಲಾ ಬರೀ ಮುಂದಿನ ಎರಡು ಚಕ್ರದಲ್ಲಿ ಓಡುತ್ತದೆ. ವಿಂಟರ್ ಟೈರ್ ಹಾಕಿದ ಮೇಲೆ ಅದೇ ಇಳಿಜಾರಿನಲ್ಲಿ ಅದು ನನ್ನ ಸುಬಾರುಗಿಂತ ಮೊದಲೇ ನಿಲ್ಲುತ್ತಿತ್ತು. ಇದನ್ನು ಅವರು ಇವತ್ತಿಗೂ ನೆನಪಿಸುತ್ತಿರುತ್ತಾರೆ.

ಮೊದಲು ನಿಮ್ಮ ಟೈರ್ ಪಕ್ಕದಲ್ಲಿ ಬಗ್ಗಿ ಕೂತು ಓದಿ. ಬಹಳ ಆಲ್ ಸೀಸನ್ ಟೈರುಗಳ (ವರ್ಷವಿಡೀ ಓಡಿಸುವ ಮಾಮೂಲಿ ಟೈರ್) ಮೇಲೆ ಎಂ ಪ್ಲಸ್ ಎಸ್ (M+S) ಅಂತ ಇರುತ್ತದೆ, ಅಂದರೆ ಮಡ್ ಮತ್ತು ಸ್ನೋ. ಅದನ್ನು ನೋಡಿ ಖುಷಿಪಡಬೇಡಿ. ಬಟನ್ (ರಸ್ತೆಗೆ ತಾಗುವ ರಬ್ಬರ್ ಉಬ್ಬು) ನಡುವಿನ ಗೆರೆಗಳ ಆಕಾರ, ಅಳತೆ ನೋಡಿ ಕೊಡುವ ಗುರುತು ಅದು, ಸ್ನೋ ಮೇಲೆ ಓಡಿಸಿ ನೋಡಿ ಕೊಟ್ಟಿದ್ದಲ್ಲ. ನೀವು ಹುಡುಕಬೇಕಾದ್ದು ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವಿನ ಚಿತ್ರ. ಪರೀಕ್ಷೆ ಪಾಸಾದ ಟೈರಿಗೆ ಮಾತ್ರ ಅದು ಸಿಗುತ್ತದೆ. ಆದರೂ ಒಂದು ಮಾತು. ಅಮೆರಿಕದ ಆ ಪರೀಕ್ಷೆ ನೋಡುವುದು ಒತ್ತಿ ಗಟ್ಟಿಯಾದ ಸ್ನೋ ಮೇಲೆ ಟೈರ್ ಎಷ್ಟು ಎಳೆಯುತ್ತದೆ ಅಂತ. ಐಸ್ ಮೇಲೆ ಎಷ್ಟು ದೂರಕ್ಕೆ ನಿಲ್ಲುತ್ತದೆ ಅನ್ನುವುದು ಆ ಚಿತ್ರದಲ್ಲಿ ಇಲ್ಲ.

ರಬ್ಬರಿನ ವಿಷಯ ಕೈಯಿಂದಲೇ ಗೊತ್ತಾಗುತ್ತದೆ. ಥಂಡಿ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಮಾಮೂಲಿ ಟೈರಿನ ರಬ್ಬರ್ ಬಿಗಿಯಾಗುತ್ತಾ ಹೋಗುತ್ತದೆ. ಒಂದು ಜನವರಿ ಬೆಳಿಗ್ಗೆ ಎರಡೂ ಕಾರಿನ ಟೈರಿಗೆ ಹೆಬ್ಬೆರಳಿನ ಉಗುರು ಒತ್ತಿ ನೋಡಿದೆ. ನನ್ನದು ಹಳೇ ಹವಾಯಿ ಚಪ್ಪಲಿಯ ಹಾಗೆ ಗಟ್ಟಿ. ಅವರ ವಿಂಟರ್ ಟೈರಿಗೆ ಉಗುರು ಇಳಿಯಿತು. ಅದರ ಒಂದೊಂದು ಬಟನ್ ಮೇಲೂ ಬ್ಲೇಡಿನಲ್ಲಿ ಗೀರಿದ ಹಾಗೆ ಅಂಕುಡೊಂಕು ಸೀಳುಗಳು. ಕಾರಿನ ಭಾರಕ್ಕೆ ಆ ಸೀಳು ತೆರೆದು ಸ್ನೋವನ್ನು ಕಚ್ಚುತ್ತವೆ. ಗೆರೆಗಳಲ್ಲಿ ಸ್ನೋ ತುಂಬಿಕೊಂಡರೂ ಚಿಂತೆಯಿಲ್ಲ. ಸ್ನೋಗೆ ಸ್ನೋ ಚೆನ್ನಾಗಿ ಅಂಟುತ್ತದೆ, ಮಕ್ಕಳು ಉಂಡೆ ಕಟ್ಟುವುದು ನೋಡಿಲ್ಲವೇ.

ಈಗ ಆಯ್ಕೆ. ಡೆನ್ವರ್ ಹವಾಮಾನ ವಿಚಿತ್ರ. ಇವತ್ತು ಎಂಟು ಇಂಚು ಬಿದ್ದರೆ ನಾಡಿದ್ದು ಬಿಸಿಲು, ರಸ್ತೆ ಒಣಗಿ ಸಾಫ್. ನೀವು ಊರೊಳಗೇ ಓಡಾಡುವವರಾದರೆ, ಸ್ನೋ ಜೋರಿದ್ದ ದಿನ ಮನೆಯಲ್ಲೇ ಇರಬಹುದಾದರೆ, ಆಲ್ ವೆದರ್ ಟೈರ್ ಸಾಕು. ಇದು ಆಲ್ ಸೀಸನ್ ಅಲ್ಲ, ಹೆಸರು ನೋಡಿ ಮೋಸಹೋಗಬೇಡಿ. ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2 ಈ ಜಾತಿಯದು. ಬೆಟ್ಟ ಹಿಮದ ಹೂವಿನ ಗುರುತು ಇದಕ್ಕೂ ಇದೆ, ವರ್ಷವಿಡೀ ಓಡಿಸಬಹುದು.

ನಮ್ಮ ಕಥೆ ಬೇರೆ. ನನಗೆ ಡ್ಯೂಟಿ ತಪ್ಪಿಸುವ ಹಾಗಿಲ್ಲ. ಶನಿವಾರ ಮಕ್ಕಳ ಸ್ಕೀ ಕ್ಲಾಸಿಗೆ ಐ-70 ಹೆದ್ದಾರಿಯಲ್ಲಿ ಬೆಟ್ಟ ಹತ್ತಬೇಕು, 11,000 ಅಡಿ ಮೇಲಿರುವ ಐಸನ್‌ಹೋವರ್ ಸುರಂಗ ದಾಟಬೇಕು. ಅಲ್ಲಿ ಮಧ್ಯಾಹ್ನ ಕರಗಿದ ನೀರು ಸಂಜೆ ಬ್ಲ್ಯಾಕ್ ಐಸ್, ಅಂದರೆ ಕಣ್ಣಿಗೆ ಕಾಣದ ತೆಳು ಐಸ್ ಆಗುತ್ತದೆ. ಹೀಗಿದ್ದರೆ ಸುಮ್ನೆ ಯೋಚಿಸಬೇಡಿ, ಅಪ್ಪಟ ವಿಂಟರ್ ಟೈರೇ ತಗೊಳ್ಳಿ. ಬ್ರಿಜ್‌ಸ್ಟೋನ್ ಬ್ಲಿಜಾಕ್, ಮಿಶೆಲಿನ್ ಎಕ್ಸ್-ಐಸ್, ನೋಕಿಯನ್ ಹಕ್ಕಪೆಲಿಟಾ, ಯಾವುದಾದರೂ ಸರಿ. ನಿಮ್ಮ ಸೈಜಿನಲ್ಲಿ ಸಿಗುವುದು, ಬಜೆಟ್ಟಿಗೆ ಕೂರುವುದು ನೋಡಿ. ಇವುಗಳ ನಡುವಿನ ವ್ಯತ್ಯಾಸಕ್ಕಿಂತ ಇವಕ್ಕೂ ಆಲ್ ಸೀಸನ್‌ಗೂ ಇರುವ ವ್ಯತ್ಯಾಸ ಬಹಳ ದೊಡ್ಡದು. ಐಸ್ ಹಿಡಿಯಲೆಂದು ಲೋಹದ ಮೊಳೆ ಕೂರಿಸಿದ ಟೈರ್ (ಸ್ಟಡ್ಡೆಡ್) ನನಗೆ ಬೇಡವೆನಿಸಿತು. ಒಣ ರಸ್ತೆಯಲ್ಲಿ ಕಟಕಟ ಸದ್ದು, ರಸ್ತೆಗೂ ಹಾಳು. ಕೆಲವು ರಾಜ್ಯಗಳಲ್ಲಿ ಅದಕ್ಕೆ ಅನುಮತಿಯೂ ಇಲ್ಲ.

ಎರಡೇ ಟೈರ್ ಹಾಕಿ ದುಡ್ಡು ಉಳಿಸೋಣ ಅಂತ ಮಾತ್ರ ಹೊರಡಬೇಡಿ. ನಾನು ಮೊದಲು ಹೋದ ಅಂಗಡಿಯಲ್ಲಿ "ಮುಂದೆ ಎರಡು ಹಾಕಿಸಿ ಸಾಕು" ಅಂದರು. ಮುಂದೆ ಹಿಡಿದು ಹಿಂದೆ ಜಾರಿದರೆ ತಿರುವಿನಲ್ಲಿ ಕಾರಿನ ಹಿಂಭಾಗ ಮುಂದಕ್ಕೆ ಬಂದುಬಿಡುತ್ತದೆ. ಅದೂ ಅಲ್ಲದೆ ಆಲ್ ವೀಲ್ ಡ್ರೈವಿಗೆ ನಾಲ್ಕೂ ಟೈರಿನ ಸುತ್ತಳತೆ ಒಂದೇ ಇರಬೇಕು. ಸವೆದ ಟೈರ್ ಚಿಕ್ಕದು, ಹೊಸದಕ್ಕಿಂತ ಜಾಸ್ತಿ ಸುತ್ತು ಸುತ್ತುತ್ತದೆ. ಆ ವ್ಯತ್ಯಾಸವನ್ನು ಮುಂದಿನ ಹಿಂದಿನ ಚಕ್ರಗಳ ನಡುವಿನ ಕಪ್ಲಿಂಗ್ ಇಡೀ ದಾರಿ ನುಂಗಬೇಕು, ಬಿಸಿಯಾಗಿ ಸವೆಯುತ್ತದೆ. ಅದರ ರಿಪೇರಿ ಖರ್ಚಿನ ಮುಂದೆ ಇನ್ನೆರಡು ಟೈರ್ ಏನೂ ಅಲ್ಲ. ಒಂದೇ ಕಂಪನಿ, ಒಂದೇ ಮಾಡೆಲ್, ನಾಲ್ಕೂ ಒಟ್ಟಿಗೆ.

ಸೈಜು: ನನ್ನ ಕಾರು 225/60 ಆರ್ 18ರಲ್ಲಿ ಬಂತು. ಚಳಿಗಾಲಕ್ಕೆ ಬೇರೆ ರಿಮ್ ತಗೊಂಡು 225/65 ಆರ್ 17 ಹಾಕಿಸಿದೆ. ಹೊರಗಿನ ಎತ್ತರ ಹೆಚ್ಚುಕಮ್ಮಿ ಅಷ್ಟೇ, ಬೆಲೆ ಕಮ್ಮಿ, ಗುಂಡಿಗೆ ಬಿದ್ದಾಗ ತಡೆಯಲು ರಬ್ಬರ್ ಜಾಸ್ತಿ. ನಿಮ್ಮ ಕಾರಿನ ಬ್ರೇಕಿಗೆ ಸಣ್ಣ ರಿಮ್ ತಾಕುತ್ತದೆಯೇ ಅಂತ ಕೇಳಿಯೇ ತಗೊಳ್ಳಿ. ಅಗಲದ ಟೈರ್ ಚೆನ್ನಾಗಿ ಹಿಡಿಯುತ್ತದೆ ಅನ್ನುವುದು ಇಲ್ಲಿ ತಪ್ಪು ಲೆಕ್ಕ. ಅಗಲವಾದದ್ದು ಸ್ನೋ ಮೇಲೆ ತೇಲುತ್ತದೆ, ಕಿರಿದಾದದ್ದು ಕೊಯ್ದುಕೊಂಡು ಕೆಳಗಿಳಿಯುತ್ತದೆ.

ಹಣ ಕೊಡುವ ಮುಂಚೆ ಟೈರಿನ ವಯಸ್ಸು ನೋಡಿ. ಡಾಟ್ (DOT) ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ. 3823 ಅಂದರೆ 2023ರ 38ನೇ ವಾರದ್ದು.

ಇನ್ನು ಬಟನ್ ಆಳ. ಕೊಲರಾಡೋದಲ್ಲಿ ಐ-70ರ ಮಾರಿಸನ್‌ನಿಂದ ಡಾಟ್‌ಸೆರೋವರೆಗೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಕಾನೂನೇ ಇದೆ. ಆಲ್ ವೀಲ್ ಡ್ರೈವ್ ಆದರೂ ಬಟನ್ ಆಳ ಕನಿಷ್ಠ ಇಂಚಿನ ಹದಿನಾರರಲ್ಲಿ ಮೂರು ಭಾಗ ಇರಬೇಕು, ಅಂದರೆ ಹತ್ತಿರ ಹತ್ತಿರ 5 ಮಿಲಿಮೀಟರ್. ಅಳೆಯಲು 1959ರಿಂದ 2008ರವರೆಗಿನ ಪೆನ್ನಿ (ಅಮೆರಿಕದ ಒಂದು ಸೆಂಟ್ ನಾಣ್ಯ) ಹುಡುಕಿ. ಅದರ ಹಿಂದೆ ಲಿಂಕನ್ ಸ್ಮಾರಕದ ಕಟ್ಟಡ ಇರುತ್ತದೆ. ತಲೆಕೆಳಗಾಗಿ ಗೆರೆಯೊಳಗೆ ಇಟ್ಟಾಗ ಕಟ್ಟಡದ ಸೂರು ಮುಚ್ಚಿಹೋದರೆ ಪರವಾಗಿಲ್ಲ. ಅವತ್ತು ಜಾರಿದ ನನ್ನ ಟೈರಿನಲ್ಲಿ ಇಡೀ ಕಟ್ಟಡ ಹೊರಗೇ ಕಾಣುತ್ತಿತ್ತು.

ಹಾಕಿಸಿದ ಮೇಲೆ ಗಾಳಿ ಮರೆಯಬೇಡಿ. ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಇಳಿದರೆ ಟೈರಿನ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್ಐ ಇಳಿಯುತ್ತದೆ. ಬೆಳಿಗ್ಗೆ ಕಾರು ಓಡಿಸುವ ಮುಂಚೆ ಚೆಕ್ ಮಾಡಿ, ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿರುವಷ್ಟು ತುಂಬಿಸಿ. ಐವತ್ತು ಮೈಲಿ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.

ಏಪ್ರಿಲ್ ಕೊನೆಗೆ ಬಿಚ್ಚಿಸುತ್ತೇನೆ, ಮೆತ್ತನೆ ರಬ್ಬರ್ ಬಿಸಿ ರಸ್ತೆಯಲ್ಲಿ ಬೇಗ ಸವೆದುಹೋಗುತ್ತದೆ. ಗ್ಯಾರೇಜಿನಲ್ಲಿ ಇಡುವ ಮುಂಚೆ ಯಾವುದು ಎಲ್ಲಿತ್ತು ಅಂತ ಸೀಮೆಸುಣ್ಣದಲ್ಲಿ ಬರೆಯುತ್ತೇನೆ: ಮುಂ. ಎ., ಮುಂ. ಬ., ಹಿಂ. ಎ., ಹಿಂ. ಬ. ಮುಂದಿನ ಸಲ ಹಿಂದಿನದನ್ನು ಮುಂದಕ್ಕೆ ಹಾಕಿಸಿದರೆ ನಾಲ್ಕೂ ಸಮವಾಗಿ ಸವೆಯುತ್ತವೆ. ಹೋದ ನವೆಂಬರ್‌ನಲ್ಲಿ ಟೈರ್ ಅಂಗಡಿಯ ಹುಡುಗ ಅದನ್ನು ತಲೆ ಓರೆ ಮಾಡಿ ನೋಡಿ, ಇದು ಯಾವ ಕಂಪನಿಯ ಲೋಗೋ ಅಂತ ಕೇಳಿದ.