ಸಗಟು ಚಾರ್ಜರ್, ಸೆಲ್ಲು ಕೊಳ್ಳುವ ಮುನ್ನ

ಶಿವಮೊಗ್ಗ, ಸಾಗರದ ಅಂಗಡಿಗೆ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಮಾಲು ತರಿಸುವುದಾದರೆ ಮೊದಲು ಐದೇ ಪೀಸು ತರಿಸಿ. ಚಾರ್ಜರ್ ಮೇಲೆ 'ಆರ್' (R) ಅಕ್ಷರದ ನಂತರ ಬರುವ 8 ಅಂಕಿಯನ್ನು ಸರ್ಕಾರಿ ಗುಣಮಟ್ಟ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿ. ಅಲ್ಲಿ ಬರುವ ಕಂಪನಿ, ಬ್ರಾಂಡ್ ಡಬ್ಬಿಯ ಮೇಲಿನದಕ್ಕೆ ತಾಳೆಯಾಗಬೇಕು. ನಂಬರ್ ಅಸಲಿ, ಆದರೆ ಇನ್ಯಾರದ್ದೋ ಎಂಬುದು ಹಳೇ ಆಟ.

18650 ಎಂಬ ಉರುಳೆಯಾಕಾರದ ಲಿಥಿಯಂ ಸೆಲ್ಲನ್ನು ತಕ್ಕಡಿಗೆ ಹಾಕಿ. ಅಸಲಿ 45 ಗ್ರಾಂ ಆಸುಪಾಸು ತೂಗುತ್ತದೆ, ಸಾಮರ್ಥ್ಯ ಹೆಚ್ಚೆಂದರೆ 3,500 ಎಂಎಎಚ್ ಸುತ್ತಮುತ್ತ. ಮೈಮೇಲೆ '9,800' ಅಂತಿದ್ದರೆ ಚಾರ್ಜ್ ಹಾಕಿ ನೋಡುವುದೂ ಬೇಡ, ವಾಪಸ್ ಕಳಿಸಿ.

ಮೆಮೊರಿ ಕಾರ್ಡ್ ತೋರಿಸುವ ಗಾತ್ರ ನಂಬಬೇಡಿ. ಪೂರ್ತಿ ತುಂಬಿಸಿ, ಫೈಲು ತೆರೆದು ನೋಡಿ.

ಕರ್ನಾಟಕದ ಜಿಎಸ್‌ಟಿ ನಂಬರ್ 29ರಿಂದ ಶುರುವಾಗುತ್ತದೆ, ಒಟ್ಟು 15 ಅಕ್ಷರ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಮಾರುವವರ ಹೆಸರು ಒಂದು, ಬ್ಯಾಂಕ್ ಖಾತೆಯಲ್ಲಿ ಇನ್ನೊಂದು ಇದ್ದರೆ ಅಡ್ವಾನ್ಸ್ ಹಾಕಬೇಡಿ. ಹಾಕಿ ಮೋಸ ಹೋದಿರೋ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.