ಹೊಸದಾಗಿ ವಿಸಿ ಆದೋರು ಮೊದ್ಲು ಏನ್ ಮಾಡ್ಬೇಕು?

ನಮ್ಮ ರಾಜ್ಯದ ಯೂನಿವರ್ಸಿಟಿಗಳಲ್ಲಿ ವಿಸಿಗೆ, ಅಂದ್ರೆ ಕುಲಪತಿಗೆ, ಸಿಗೋದು ನಾಲ್ಕೇ ವರ್ಷ, ಅದ್ರಲ್ಲಿ ಆರು ತಿಂಗಳು ಹಾರ, ಶಾಲು, ಅಭಿನಂದನಾ ಸಮಾರಂಭದಲ್ಲೇ ಕಳೆದೋಗುತ್ತೆ. ಅದನ್ನೆಲ್ಲ ಆಮೇಲೆ ಇಟ್ಕೊಳ್ಳಿ ಅಂದ್ಬಿಡಿ.

ಚಾರ್ಜ್ ತಗೊಂಡ ವಾರದಲ್ಲೇ ಹಣಕಾಸು ಅಧಿಕಾರೀನ ಕೂರಿಸ್ಕೊಂಡು ಲೆಕ್ಕ ನೋಡಿ. ಪೆನ್ಷನ್‌ಗೆ ಎಷ್ಟು ಕೊರತೆ, ಅತಿಥಿ ಉಪನ್ಯಾಸಕರ ಸಂಬಳ ಎಷ್ಟು ತಿಂಗಳದ್ದು ಬಾಕಿ, ಕಾಲೇಜುಗಳು ಮಾನ್ಯತೆಗೆ ಕಟ್ಟೋ ಅಫಿಲಿಯೇಷನ್ ಫೀ ಎಷ್ಟು ಬರುತ್ತೆ, ಎಲ್ಲಾ. ಬೆಂಗಳೂರು ವಿವಿ ಥರ ಒಂದು ಮೂರಾದ ಕಡೆ ಕಾಲೇಜುಗಳು ಹಂಚಿಹೋದ್ವು, ಅವುಗಳಿಂದ ಬರ್ತಿದ್ದ ಫೀನೂ ಅವುಗಳ ಜೊತೆನೇ ಹೋಯ್ತು, ಪೆನ್ಷನ್ ಪಟ್ಟಿ ಮಾತ್ರ ಹಾಗೆ ಹಂಚಿಹೋಗಲ್ಲ. ಇದು ಗೊತ್ತಿಲ್ದೆ ವಿಷನ್ ಡಾಕ್ಯುಮೆಂಟ್ ಬರೆಸೋಕೆ ಹೋಗ್ಬೇಡಿ.

ಆಮೇಲೆ ಪರೀಕ್ಷೆ. ನನ್ ಪ್ರಕಾರ ವಿಸಿ ಯೋಗ್ಯತೆ ಗೊತ್ತಾಗೋದು ಇಲ್ಲೇ, ಯೂನಿವರ್ಸಿಟಿ ಗುಣಮಟ್ಟಕ್ಕೆ ಕೊಡೋ ನ್ಯಾಕ್ ಗ್ರೇಡಲ್ಲಲ್ಲ. ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೇಳ್ದೆ ಕೇಳ್ದೆ ಪರೀಕ್ಷಾ ವಿಭಾಗದ ಕೌಂಟರ್ ಹತ್ರ ಹೋಗಿ ನಿಂತ್ಕೊಳ್ಳಿ, ಮಾರ್ಕ್ಸ್ ಕಾರ್ಡಲ್ಲಿ ತಪ್ಪಾಗಿರೋ ಹೆಸರು ತಿದ್ದಿಸೋಕೆ ಫಸ್ಟ್ ಬಸ್ಸಿಗೆ ಬಂದ ಹುಡುಗೀಗೆ "ಸಾಹೇಬ್ರು ರಜಾ, ಸೋಮವಾರ ಬಾಮ್ಮ" ಅಂತ ಹೇಳೋದು ನಿಮ್ ಕಿವಿಗೇ ಬೀಳ್ಲಿ. ಸೀದಾ ಪರೀಕ್ಷೆ ನೋಡ್ಕೊಳ್ಳೋ ಮೌಲ್ಯಮಾಪನ ಕುಲಸಚಿವರ ರೂಮಿಗೆ ಹೋಗಿ ಆ ಅರ್ಜಿ ಎಷ್ಟು ಟೇಬಲ್ ದಾಟ್ಬೇಕು ಅಂತ ಕೇಳಿ, ಅರ್ಧ ಟೇಬಲ್ ಬೇಡದೇ ಇರೋವು.

ಇನ್ನು ಆಡಳಿತ ನೋಡ್ಕೊಳ್ಳೋ ಕುಲಸಚಿವರು, ಅಂದ್ರೆ ರಿಜಿಸ್ಟ್ರಾರ್. ಎಷ್ಟೋ ಕಡೆ ಕೆಎಎಸ್ ಅಧಿಕಾರಿ ಇರ್ತಾರೆ, ಅವರ ಜೊತೆ ಫೈಲಲ್ಲಿ ನೋಟ್ ಬರೆದು ಜಗಳ ಆಡೋದಕ್ಕಿಂತ ಮೊದ್ಲು ಎದುರುಬದುರು ಕೂತು ಟೀ ಕುಡಿದು ಮಾತಾಡಿ. ಯೂನಿವರ್ಸಿಟಿ ಆಡಳಿತ ಮಂಡಳಿ ಆದ ಸಿಂಡಿಕೇಟಲ್ಲಿ "ನಮ್ ಹುಡುಗಂದೊಂದು ನೋಡಿ ಸರ್" ಅನ್ನೋರು ಇದ್ದೇ ಇರ್ತಾರೆ, ಅವರಿಗೆ ನೋಡೋಣ ಅನ್ಬೇಡಿ, ನೋಡೋಣ ಅಂದ್ರೆ ಅವರು ಆಯ್ತು ಅಂತ್ಲೇ ತಿಳ್ಕೊತಾರೆ. ಆಗಲ್ಲ ಅಂತ ನಗ್ತಾನೇ ಹೇಳಿ, ನಡಾವಳಿಯಲ್ಲಿ ಬರೆಸಿ.

ದೊಡ್ಡ ಕೆಲಸ ಮಾಡೋ ಆಸೆ ಇದ್ರೆ ಒಂದೇ ಹಿಡ್ಕೊಳ್ಳಿ. ಕುವೆಂಪು 1956ರಿಂದ 60ರವರೆಗೆ ಮೈಸೂರಲ್ಲಿ ವಿಸಿ ಆಗಿದ್ರು, ಅವರು ಅಂದ್ರೆ ಇವತ್ತಿಗೂ ನೆನಪಾಗೋದು ಆ ವಿವಿಯ ಕ್ಯಾಂಪಸ್ ಮಾನಸಗಂಗೋತ್ರಿ, ಹೆಸರಿಟ್ಟಿದ್ದೂ ಅವರೇ. ಧಾರವಾಡದ ಕರ್ನಾಟಕ ವಿವಿಯಲ್ಲಿ ವಿಸಿ ಆಗಿದ್ದ ಪಾವಟೆಯವರ ಜೊತೆ ಮಾತ್ರ ಹೋಲಿಸ್ಕೊಬೇಡಿ, ಅವರಿಗೆ 1954ರಿಂದ 67ರವರೆಗೆ ಹದಿಮೂರು ವರ್ಷ ಸಿಕ್ಕಿತ್ತು.

ಕೊನೇ ಆರು ತಿಂಗಳಲ್ಲಿ ನೇಮಕಾತಿ, ದೊಡ್ಡ ಟೆಂಡರ್ ಎರಡನ್ನೂ ಮುಟ್ಬೇಡಿ. ಆಗ ಬಂದು ಒತ್ತಾಯ ಮಾಡೋರು ಯಾರೂ ಆಮೇಲೆ ವಿಚಾರಣಾ ಸಮಿತಿ ಮುಂದೆ ನಿಮ್ ಪಕ್ಕ ಕೂರೋಕೆ ಬರಲ್ಲ.