ಮೊದಲ ವುಡ್‌ಕಟ್: ಕೆತ್ತಿದ್ದು ಬಿಳಿ, ಬಿಟ್ಟದ್ದು ಕಪ್ಪು

ಮರದ ಹಲಗೆಯನ್ನು ಕೆತ್ತಿ, ಇಂಕು ಹಚ್ಚಿ, ಮೇಲೆ ಕಾಗದವಿಟ್ಟು ಉಜ್ಜಿ ಚಿತ್ರ ಮುದ್ರಿಸುವುದೇ ವುಡ್‌ಕಟ್. ಇದರಲ್ಲಿ ಉಳಿ ಹೋದ ಜಾಗ ಬಿಳಿ, ಮುಟ್ಟದೆ ಬಿಟ್ಟ ಜಾಗ ಕಪ್ಪು. ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಎಳೆದು ಅಭ್ಯಾಸವಾದ ಕೈಗೆ ಇದು ತಿರುವುಮುರುವು. ಮೊದಲ ಸಲದ ಹಲಗೆಗಳು ಹೆಚ್ಚಾಗಿ ಕೆಡುವುದು ಚಿತ್ರ ಬರೆಯುವಾಗ ಮತ್ತು ಇಂಕು ಹಚ್ಚುವಾಗ. ಆ ಎರಡಕ್ಕೆ ಧಾರಾಳವಾಗಿ ಸಮಯ ಕೊಡಿ.

ಹಲಗೆ 15 × 20 ಸೆಂ.ಮೀ. ಇದ್ದರೆ ಸಾಕು. ಪ್ಲೈವುಡ್ ಕೊಳ್ಳುವಾಗ ಅದರ ಅಂಚು ನೋಡಿ. ಅಗ್ಗದ ಪ್ಲೈಯಲ್ಲಿ ಮೇಲ್ಪದರ ಕಾಗದದಷ್ಟು ತೆಳ್ಳಗಿರುತ್ತದೆ. ಉಳಿ ಅದನ್ನು ದಾಟಿದ ಕೂಡಲೇ ಕೆಳಪದರದ ಎಳೆ ಅಡ್ಡಕ್ಕೆ ತಿರುಗಿರುತ್ತದೆ, ಸಿಬಿರು ಕಿತ್ತುಕೊಂಡು ಬರುತ್ತದೆ. ಮೇಲ್ಪದರ ದಪ್ಪಗಿರುವ ಪ್ಲೈ ಸಿಗದಿದ್ದರೆ ಗಂಟಿಲ್ಲದ ಪೈನ್ ಹಲಗೆ ತನ್ನಿ. ಮರದ ನಾರಿನ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಕೆತ್ತಲು ಸಲೀಸು, ಆದರೆ ಅದರಲ್ಲಿ ಎಳೆಯೇ ಇಲ್ಲ. ಎಳೆ ನೋಡಿ ಕೈ ನಡೆಸುವುದೇ ಇಲ್ಲಿ ಅರ್ಧ ಪಾಠ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಬಹಳ ನಯ, ಅಂಗೈಯಗಲದ ತುಂಡು ಸಿಕ್ಕರೂ ಬಿಡಬೇಡಿ. ಹಲಗೆ ಯಾವುದೇ ಇರಲಿ, 220 ನಂಬರಿನ ಸ್ಯಾಂಡ್‌ಪೇಪರಿನಿಂದ ಎಳೆಯ ದಿಕ್ಕಿನಲ್ಲೇ ಉಜ್ಜಿ, ನೀರು ಬೆರೆಸಿದ ಕಂದು ಬಣ್ಣವನ್ನು ತೆಳ್ಳಗೆ ಬಳಿದು ಒಣಗಿಸಿ. ಕೆತ್ತಿದ ಜಾಗ ಆಗ ಬೆಳ್ಳಗೆ ಎದ್ದು ಕಾಣುತ್ತದೆ, ಎಲ್ಲಿ ನಿಲ್ಲಿಸಬೇಕೆಂದು ಕಣ್ಣಿಗೇ ಗೊತ್ತಾಗುತ್ತದೆ.

ಚಿತ್ರವನ್ನು ಪೆನ್ಸಿಲ್ಲಿನಿಂದ ಶುರು ಮಾಡಬೇಡಿ. ಕಪ್ಪು ಹಾಳೆಯ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಬರೆಯಿರಿ. ಸೀಮೆಸುಣ್ಣ ಓಡಿದ ದಾರಿಯೇ ನಾಳೆ ಉಳಿ ಓಡುವ ದಾರಿ. ಕಪ್ಪಾಗಿ ಉಳಿಯುವ ಗೆರೆ ಯಾವುದೂ 2 ಮಿ.ಮೀ.ಗಿಂತ ಸಣ್ಣದಿರಬಾರದು. ಜರ್ಮನಿಯ ಕಲಾವಿದೆ ಕೇಟೆ ಕೋಲ್‌ವಿಟ್ಜ್ 1919–20ರಲ್ಲಿ ಮಾಡಿದ, ಕ್ರಾಂತಿಕಾರಿ ನಾಯಕ ಕಾರ್ಲ್ ಲೀಬ್‌ಕ್ನೆಕ್ಟ್ ಸ್ಮರಣೆಯ ವುಡ್‌ಕಟ್ ನೋಡಿ. ಅದೇ ವಿಷಯವನ್ನು ಅವರು ಮೊದಲು ಲೋಹದ ತಗಡಿನ ಎಚಿಂಗ್‌ನಲ್ಲಿ, ಕಲ್ಲಚ್ಚಿನ ಲಿಥೋದಲ್ಲಿ ಪ್ರಯತ್ನಿಸಿ, ತೃಪ್ತಿಯಾಗದೆ ಮರಕ್ಕೆ ಬಂದವರು. ದಟ್ಟ ಕಪ್ಪಿನೊಳಗಿಂದ ಮುಖ, ಕೈಗಳು ಬೆಳಕಿಗೆ ಬರುತ್ತವೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಮಾದರಿ ಕಾಣೆ. ಬಂಗಾಳದ ಮುದ್ರಣ ಕಲಾವಿದ ಹರೇನ್ ದಾಸರ ಕೂದಲೆಳೆಯ ಗೆರೆಗಳು ಎಷ್ಟೇ ಮೋಹಕವಾಗಿರಲಿ, ಮೊದಲ ಹಲಗೆಯಲ್ಲಿ ಅವುಗಳ ಹಿಂದೆ ಹೋಗಬೇಡಿ.

ಮುದ್ರಣ ಎಡಬಲ ತಿರುಗಿ ಬರುತ್ತದೆ. ಟ್ರೇಸಿಂಗ್ ಪೇಪರಿನ ಮೇಲೆ 4ಬಿ ಪೆನ್ಸಿಲ್ಲಿನಿಂದ ಚಿತ್ರ ಇಳಿಸಿಕೊಂಡು, ಅದನ್ನು ಹಲಗೆಗೆ ಮಗುಚಿ ಹಾಕಿ ಬೆನ್ನು ಉಜ್ಜಿದರೆ ತಿರುಗಿದ ಚಿತ್ರ ತಾನಾಗಿ ಮೂಡುತ್ತದೆ. ಅದರ ಮೇಲೆ ಮಾರ್ಕರ್‌ನಿಂದ ತಿದ್ದಿ, ಉಳಿಯಬೇಕಾದ ಕಪ್ಪನ್ನೆಲ್ಲ ತುಂಬಿ. ಅಕ್ಷರ ಇದ್ದರೆ ಹಲಗೆಯನ್ನು ಕನ್ನಡಿಯೆದುರು ಹಿಡಿಯಿರಿ. ಕನ್ನಡಿಯಲ್ಲಿ ಓದಲು ಬಂದರೆ ಹಾಳೆಯ ಮೇಲೂ ಬರುತ್ತದೆ.

ಉಳಿ ಮೂರು ಸಾಕು: ವಿ ಆಕಾರದ್ದು, ಯು ಆಕಾರದ್ದು, ಒಂದು ಓರೆ ಬಾಯಿಯ ಚಾಕು. ಕೈ ಸೀಳುವುದು ಸಾಮಾನ್ಯವಾಗಿ ಮೊಂಡು ಉಳಿಯಿಂದ, ಏಕೆಂದರೆ ಬಲ ಹಾಕಿ ದೂಡುತ್ತೀರಿ, ಅದು ಜಾರುತ್ತದೆ. ಅರ್ಧ ಗಂಟೆಗೊಮ್ಮೆ ಚರ್ಮದ ಪಟ್ಟಿಯ ಮೇಲೆ ಉಳಿಯನ್ನು ನಾಲ್ಕಾರು ಸಲ ಹಿಂದಕ್ಕೆ ಎಳೆಯಿರಿ. ಹಲಗೆಯನ್ನು ಕ್ಲ್ಯಾಂಪ್ ಹಾಕಿ ಮೇಜಿಗೆ ಬಿಗಿಯಿರಿ. ಒಂದು ಕೈ ಉಳಿಯ ಹಿಡಿಯನ್ನು ದೂಡಲಿ, ಇನ್ನೊಂದರ ಬೆರಳುಗಳು ಬಾಯಿಯ ಹಿಂದಿನಿಂದ ತಡೆದು ನಡೆಸಲಿ. ಎರಡರಲ್ಲಿ ಯಾವ ಕೈಯೂ ಉಳಿಯ ಮುಂದಕ್ಕೆ ಹೋಗಬಾರದು.

ಎಳೆಯ ಜೊತೆ ಹೋದಾಗ ಉಳಿಯ ಮುಂದೆ ಸಿಪ್ಪೆ ಸುರುಳಿ ಸುರುಳಿಯಾಗಿ ಏಳುತ್ತದೆ. ಅಡ್ಡಕ್ಕೆ ಹೋದಾಗ ಅದೇ ಸಿಪ್ಪೆ ಪುಡಿಪುಡಿಯಾಗುತ್ತದೆ, ಗೆರೆಯ ಅಂಚು ಹಲ್ಲುಹಲ್ಲಾಗುತ್ತದೆ. ಆದ್ದರಿಂದ ಅಡ್ಡ ಗೆರೆಗೆ ಮೊದಲು ಚಾಕುವಿನಿಂದ ಎರಡೂ ಬದಿ ಕಚ್ಚು ಹಾಕಿ, ಆಮೇಲೆ ನಡುವಿನದನ್ನು ತೆಗೆಯಿರಿ. ಚಾಕುವನ್ನು ಉಳಿಯಬೇಕಾದ ಗೆರೆಯಿಂದ ಆಚೆಗೆ ಓರೆಯಾಗಿಸಿ, ಗೆರೆಯ ಬುಡ ಗುಡ್ಡದ ಹಾಗೆ ಅಗಲವಾಗಿರಲಿ. ಬುಡ ಕೊರೆದ ಗೆರೆ ಉಜ್ಜುವಾಗ ಮುರಿದುಬೀಳುತ್ತದೆ. ಆಳ 1 ಮಿ.ಮೀ. ಸಾಕು, ಅಗಲವಾದ ಬಿಳಿ ಬಯಲಿದ್ದರೆ 2–3 ಮಿ.ಮೀ. ಇಳಿಸಿ, ಇಲ್ಲದಿದ್ದರೆ ರೋಲರ್ ಅಲ್ಲಿಗೂ ಇಳಿದು ಇಂಕು ಮೆತ್ತುತ್ತದೆ. ಗೆರೆ ಚಕ್ಕೆ ಎದ್ದರೆ ಅದೇ ಚಕ್ಕೆಯನ್ನು ಕಡ್ಡಿಯ ತುದಿಯಲ್ಲಿ ಫೆವಿಕಾಲ್ ತೆಗೆದು ಅಂಟಿಸಿ. ಎಣ್ಣೆ ಇಂಕು ಸೋಕಿದ ಮರಕ್ಕೆ ಅಂಟು ಹಿಡಿಯದು, ಆ ಕೆಲಸವನ್ನು ಮುದ್ರಣಕ್ಕೆ ಮೊದಲೇ ಮುಗಿಸಿ.

ಇನ್ನು ಇಂಕು. ಮುದ್ರಣಾಲಯಗಳು ಬಳಸುವ ಕಪ್ಪು ಎಣ್ಣೆ ಇಂಕು ಒಳ್ಳೆಯದು. ಗಾಜಿನ ಹಲಗೆಯ ಮೇಲೆ ಅರ್ಧ ಟೀ ಚಮಚದಷ್ಟು ಹಾಕಿ, ರೋಲರನ್ನು ಉದ್ದಕ್ಕೂ ಅಡ್ಡಕ್ಕೂ ಓಡಿಸಿ, ಪ್ರತಿ ಸಲ ಗಾಜಿನಿಂದ ಎತ್ತಿ ಇಡಿ. ಇಂಕು ಜಾಸ್ತಿಯಾಗಿದ್ದರೆ ರೋಲರ್ ಪಚಪಚ ಅನ್ನುತ್ತದೆ, ಗಾಜಿನ ಮೇಲೆ ಕಿತ್ತಳೆ ಸಿಪ್ಪೆಯಂಥ ಗುಳಿಗಳು ಕಾಣುತ್ತವೆ. ಹದಕ್ಕೆ ಬಂದಾಗ ಸಣ್ಣಗೆ, ಒಂದೇ ಸಮ ಚರ್ ಎಂಬ ಸದ್ದು, ಮೇಲ್ಮೈ ಮಖಮಲ್ಲಿನಂತಿರುತ್ತದೆ. ಆ ಸದ್ದನ್ನು ಕಿವಿ ಗುರುತಿಸುವ ತನಕ ಹಲಗೆ ಮುಟ್ಟಬೇಡಿ. ಹಲಗೆಗೆ ಒಮ್ಮೆಲೇ ದಪ್ಪಗೆ ಹಚ್ಚದೆ, ತೆಳ್ಳಗೆ ನಾಲ್ಕೈದು ಸಲ ಹಚ್ಚಿ. ಇಂಕು ಬಹಳ ಗಟ್ಟಿಯಾಗಿದ್ದರೆ ಒಂದೆರಡು ಹನಿ ಅಗಸೆ ಎಣ್ಣೆ ಬೆರೆಸಬಹುದು, ಅದಕ್ಕಿಂತ ಹೆಚ್ಚು ಬೇಡ.

ಕಾಗದ ತೆಳು, ಮೆದು ಇರಬೇಕು. ನೇಪಾಳಿ ಕಾಗದ ಅಥವಾ ರೈಸ್ ಪೇಪರ್ ಸರಿ. ಡ್ರಾಯಿಂಗ್‌ನ ದಪ್ಪ ಹಾಳೆಗೆ ಒತ್ತುವ ಯಂತ್ರ (ಪ್ರೆಸ್) ಬೇಕು, ನಾವು ಉಜ್ಜಲು ಬಳಸುವ ಚಮಚಕ್ಕೆ ಅದು ಬಗ್ಗುವುದಿಲ್ಲ. ಹಾಳೆ ಇಟ್ಟ ಮೇಲೆ ಕದಲಿಸಬೇಡಿ, ಕದಲಿದರೆ ಗೆರೆ ಜೋಡಿಯಾಗುತ್ತದೆ. ಮೇಲೊಂದು ಬಟರ್ ಪೇಪರ್ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಸ್ಟೀಲ್ ಚಮಚದ ಬೆನ್ನಿನಿಂದ ಸಣ್ಣ ಸುತ್ತುಗಳಲ್ಲಿ ಉಜ್ಜಿ. ಹತ್ತು ನಿಮಿಷವಾದರೂ ಹಿಡಿಯುತ್ತದೆ, ಅವಸರ ಬೇಡ. ಒಂದು ಮೂಲೆ ಒತ್ತಿಹಿಡಿದು ಎದುರಿನ ಮೂಲೆ ಎತ್ತಿ ನೋಡಿ. ಮಾಸಲು ಕಂಡರೆ ಹಾಗೇ ಇಳಿಸಿ ಅಲ್ಲಿ ಮತ್ತೆ ಉಜ್ಜಿ.

ಮೊದಲ ಎರಡು ಮೂರು ಹಾಳೆ ಮಂಕಾಗಿ ಬಂದರೆ ಗಾಬರಿ ಬೇಡ, ಹೊಸ ಮರ ಇಂಕು ಕುಡಿಯುತ್ತಿರುತ್ತದೆ. ಅವನ್ನು ನ್ಯೂಸ್‌ಪ್ರಿಂಟ್ ಮೇಲೆ ತೆಗೆಯಿರಿ. ಆಮೇಲೂ ಕಪ್ಪಿನಲ್ಲಿ ಬಿಳಿ ಚುಕ್ಕಿ ಉಳಿದರೆ ಇಂಕೋ ಒತ್ತಡವೋ ಸಾಲದು. ಸಣ್ಣ ಬಿಳಿ ಗೆರೆ ಮುಚ್ಚಿಹೋದರೆ ಇಂಕು ಹೆಚ್ಚಾಯಿತು. ರೋಲರ್ ನಿಲ್ಲಿಸಿ, ಒಣ ನ್ಯೂಸ್‌ಪ್ರಿಂಟ್ ಒತ್ತಿ ಹೆಚ್ಚಿನದನ್ನು ಎಬ್ಬಿಸಿ. ಬಿಳಿ ಬಯಲಿನಲ್ಲಿ ಉಳಿಯ ಗುರುತುಗಳು ಅಲ್ಲಲ್ಲಿ ಮೂಡುತ್ತವೆ. ಚಿತ್ರಕ್ಕೆ ಅಡ್ಡಿಯಾದವನ್ನು ಮಾತ್ರ ಕೆತ್ತಿ ತೆಗೆಯಿರಿ, ಉಳಿದವು ಇರಲಿ; ಮರದ ಕೆಲಸ ಎಂದು ಹೇಳುವುದೇ ಅವು.

ಹಾಳೆಗಳನ್ನು ಬಟ್ಟೆ ಕ್ಲಿಪ್ ಹಾಕಿ ಹಗ್ಗಕ್ಕೆ ನೇತುಹಾಕಿ, ಮೂರು ನಾಲ್ಕು ದಿನ ಒಣಗಲಿ. ಚಿತ್ರದ ಕೆಳಗೆ ಪೆನ್ಸಿಲ್ಲಿನಲ್ಲಿ ಎಡಕ್ಕೆ ಸಂಖ್ಯೆ, ನಡುವೆ ಚಿತ್ರದ ಹೆಸರು, ಬಲಕ್ಕೆ ಸಹಿ ಮತ್ತು ವರ್ಷ. 3/10 ಎಂದರೆ ಹತ್ತರಲ್ಲಿ ಮೂರನೆಯ ಪ್ರತಿ. ಹಲಗೆಯನ್ನು ನೀರಿನಲ್ಲಿ ತೊಳೆಯಬೇಡಿ, ಸೊಟ್ಟಗಾಗುತ್ತದೆ. ಅಡುಗೆ ಎಣ್ಣೆ ಹಚ್ಚಿ ಹಳೆ ಬಟ್ಟೆಯಲ್ಲಿ ಒರೆಸಿ. ಅಗಸೆ ಎಣ್ಣೆ, ಇಂಕು ಮೆತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅವು ಒಳಗೊಳಗೇ ಕಾವು ಏರಿ ತಾವಾಗಿ ಹೊತ್ತಿಕೊಳ್ಳಬಲ್ಲವು. ಹೊರಗೆ ಬಿಡಿಸಿ ಹರಡಿ, ಪೂರ್ತಿ ಒಣಗಿದ ಮೇಲೆ ಕಸಕ್ಕೆ ಹಾಕಿ.